ಕೇಳದೆ ಕತ್ತರಿಸಿದ ಕೌದಿ

ನಾನು ಮೊದಲಿಂದಲೂ ಅಂಜುವ ಹೆಂಗಸು. ಔರಾದದ ನಮ್ಮ ಮನೆಯ ಪಡಸಾಲೆಯಲ್ಲಿ ಮಷೀನು ಹಾಕಿಕೊಂಡು ಹದಿನೆಂಟು ವರ್ಷ ಬರೀ ಬ್ಲೌಸು ಹೊಲಿದೆ. ಬಂದವರು ಬಟ್ಟೆ ತರುತ್ತಿದ್ದರು, ಅಳತೆಗೊಂದು ಹಳೆಯ ಬ್ಲೌಸು ತರುತ್ತಿದ್ದರು, ಮೊಬೈಲಿನಲ್ಲಿ ಯಾರದೋ ಬೆನ್ನಿನ ಫೋಟೊ ತೋರಿಸಿ ‘ಹಿಂಗ ಬೇಕ್ರಿ’ ಅನ್ನುತ್ತಿದ್ದರು. ನಾನು ಹಾಗೇ ಹೊಲಿದು ಕೊಡುತ್ತಿದ್ದೆ. ಕೆಟ್ಟರೆ ಅದು ಫೋಟೊದ ತಪ್ಪು, ನನ್ನದಲ್ಲ. ಆ ಧೈರ್ಯದ ಮೇಲೆ ನನ್ನ ಬದುಕು ನಡೆದಿತ್ತು.

ಒಂದು ದಿನ ಬೀದರದಿಂದ ಒಬ್ಬ ಹುಡುಗಿ ನಮ್ಮ ಮನೆ ಕೇಳಿಕೊಂಡು ಬಂದಳು. ಹೈದರಾಬಾದಿನಲ್ಲಿ ಬಟ್ಟೆ ವಿನ್ಯಾಸ ಓದಿ ಊರಿಗೆ ವಾಪಸ್ ಬಂದವಳು. ಅವಳ ಅಪ್ಪನದು ಚೌಬಾರಾ ಗೋಪುರದ ಹತ್ತಿರ ಬಟ್ಟೆ ಅಂಗಡಿ ಇತ್ತಂತೆ, ಈಗ ಮುಚ್ಚಿದೆ. ಯಾರದೋ ಮದುವೆಯಲ್ಲಿ ನನ್ನ ಹೊಲಿಗೆ ನೋಡಿದ್ದಳು. ಆದರೆ ಒಳಗೆ ಬಂದವಳು ಬ್ಲೌಸುಗಳ ಕಡೆ ನೋಡಲೇ ಇಲ್ಲ. ಅಂಗಳದ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿಯ ಮುಂದೆ ನಿಂತುಬಿಟ್ಟಳು. ಹಳೆಯ ಸೀರೆ, ಧೋತರ, ಖಣದ ಚೂರುಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲಿ ಹೊಲಿದ ಹೊದಿಕೆ ಅದು. ನಮ್ಮ ಕಡೆ ಕೌದಿ ಇಲ್ಲದ ಮನೆಯೇ ಇಲ್ಲ.

“ಇದನ್ನ ಯಾರು ಹೊಲದಾರ್ರಿ ಅಕ್ಕಾ?”

“ನಾನ ಹೊಲದೀನಿ. ಅದ್ರಾಗ ಏನದ, ಎಲ್ಲಾರ ಮನ್ಯಾಗೂ ಇರ್ತದ.”

“ಬರೂ ಐತವಾರ ಬೀದರಕ್ಕ ಬರ್ರಿ. ನಾವೊಂದು ಏಳೆಂಟು ಮಂದಿ ಕೂಡತೇವಿ. ನಮ್ಮ ಮನಸಿಗೆ ಬಂದ ಅರಿವಿ ನಾವ ಮಾಡತೇವಿ, ನಾವ ಮಾರತೇವಿ. ಅಂಗಡಿ ಇಲ್ಲ, ಸೇಠ್ ಇಲ್ಲ.”

ಹೋದೆ, ಆದರೆ ಹ್ಯಾಗೆ ಹೋದೆ ಎಂದು ಕೇಳಬೇಡಿ. ಮುಚ್ಚಿದ ಅಂಗಡಿಯ ಮೇಲಿನ ಕೋಣೆಗೆ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಅರ್ಧ ಹತ್ತಿದಾಗ ಮೇಲಿನಿಂದ ಹುಡುಗಿಯರ ನಗು ಕೇಳಿಸಿತು. ನನ್ನನ್ನೇ ನೋಡಿ ನಕ್ಕಂತಾಯಿತು. ತಿರುಗಿ ಇಳಿಯಬೇಕೆಂದರೆ ಕೆಳಗಿನಿಂದ ಒಬ್ಬ ನಡುವಯಸ್ಸಿನ ಮನುಷ್ಯ ಹತ್ತಿ ಬರುತ್ತಿದ್ದ. ಕೈಯಲ್ಲಿ ಒಂದು ಡಬ್ಬಿ.

“ಮ್ಯಾಲ ಹೋಗ್ರಿ ಅಕ್ಕಾ,” ಅಂದ. “ಇಲ್ಲಿ ತಿರಗಾಕ ಜಾಗಾ ಇಲ್ಲ.”

ಅವನು ಬಿದ್ರಿ ಕೆಲಸದವನು, ಆ ಗುಂಪಿಗೆ ಗುಂಡಿ ಮಾಡಿಕೊಡುತ್ತಿದ್ದ. ಕಪ್ಪು ಲೋಹದಲ್ಲಿ ಬೆಳ್ಳಿ ತಂತಿ ಕೂಡಿಸಿದ ಸಣ್ಣ ಸಣ್ಣ ಗುಂಡಿಗಳು. ಅವನು ಅಡ್ಡ ನಿಂತದ್ದರಿಂದ ನಾನು ಮೇಲೆ ಹೋದೆ.

ಯಾರೂ ನಗಲಿಲ್ಲ. ಚಹಾ ಕೊಟ್ಟರು. ಆಮೇಲೆ ಗುಂಪು ಕಟ್ಟಿದ ಆ ಹುಡುಗಿ ಕೇಳಿದಳು, “ನಿಮಗ ಏನ್ ಮಾಡಬೇಕಂತ ಅನಸ್ತದ ಅಕ್ಕಾ?” ಹದಿನೆಂಟು ವರ್ಷದಲ್ಲಿ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಉತ್ತರ ಇದ್ದರೂ ಹೇಳುವ ಧೈರ್ಯ ಇರಲಿಲ್ಲ. ಹೇಳಿದ ಮೇಲೆ ಮಾಡಬೇಕಾಗುತ್ತದೆ, ಮಾಡಿದ ಮೇಲೆ ಅದು ನನ್ನದೇ ತಪ್ಪಾಗುತ್ತದೆ.

ಆದರೂ ಮುಂದಿನ ತಿಂಗಳು ನಮ್ಮ ಮನೆಯ ಕೌದಿಯನ್ನೇ ಕತ್ತರಿಸಿ ತೋಳಿಲ್ಲದ ಒಂದು ಜಾಕೀಟು ಹೊಲಿದೆ. ಗುಂಪಿನ ಹುಡುಗಿಯೊಬ್ಬಳು ಅದನ್ನು ಹಾಕಿಕೊಂಡು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದಳು. ಎಲ್ಲರ ಕಣ್ಣೂ ಅದರ ಮೇಲೆ. ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಎಂದು ನಾನು ಬಾಗಿಲ ಕಡೆ ನೋಡುತ್ತಿದ್ದೆ. ಆಗ ಗುಂಡಿಯವನು ತನ್ನ ಡಬ್ಬಿ ತೆಗೆದು, ಅದರಲ್ಲಿದ್ದ ಎಲ್ಲಕ್ಕಿಂತ ಚಂದದ ನಾಲ್ಕು ಗುಂಡಿ ಆರಿಸಿ ನನ್ನ ಮುಂದೆ ಇಟ್ಟ. ಅವತ್ತಿನಿಂದ ನಾನು ಆ ಗುಂಪಿನವಳಾದೆ.

ಜಾಕೀಟು ಕೇಳುವವರು ಹೆಚ್ಚಾದರು, ನಮ್ಮ ಮನೆಯ ಕೌದಿಗಳು ಮುಗಿದವು. ಹೊಸದಾಗಿ ಹೊಲಿದರೆ ಆ ಮೆತ್ತನೆತನ, ಆ ಮಾಸಿದ ಬಣ್ಣ ಬರುವುದಿಲ್ಲ; ವರ್ಷಗಟ್ಟಲೆ ಮೈಗೆ ತಾಗಿ, ಒಗೆದು ಒಗೆದು ಬರಬೇಕು. ಹಾಗಾಗಿ ಹಳ್ಳಿ ಹಳ್ಳಿಗೆ ಹಳೆಯ ಕೌದಿ ಹುಡುಕುತ್ತ ಹೊರಟೆ. ಭಾಲ್ಕಿಯ ಆಚೆ ಮೆಹಕರದ ಹೆಂಗಸರ ಹೊಲಿಗೆ ಬಹಳ ಸಣ್ಣದು ಎಂದು ಯಾರೋ ಹೇಳಿದ್ದರು.

ಮೆಹಕರದಲ್ಲಿ ನಾನು ಹೋದದ್ದು ಕುರಿ ಸಾಕುವವರ ಮನೆ. ಅತ್ತೆ ಹೊಲಕ್ಕೆ ಹೋಗಿದ್ದಳು. ಸೊಸೆ ಒಬ್ಬಳೇ ಇದ್ದಳು, ಎಳೆಯ ವಯಸ್ಸು. ಮೂರು ಕೌದಿ ತೋರಿಸಿದಳು, ಯಾವುದೂ ಮನಸ್ಸಿಗೆ ಬರಲಿಲ್ಲ. ಆಗ ಒಳಗೆ ಹೋಗಿ, ಟ್ರಂಕಿನ ತಳದಿಂದ ಇನ್ನೊಂದು ತಂದಳು. ಹಸಿರು ಮತ್ತು ಕೆಂಪು. ಅಂಚಿನ ಸುತ್ತ ತ್ರಿಕೋನದ ಚೂರುಗಳು, ಜೋಳದ ಕಾಳಿಗಿಂತ ಸಣ್ಣ ಹೊಲಿಗೆ. ನಾನು ಅಂಥದ್ದನ್ನು ನೋಡಿರಲಿಲ್ಲ.

“ಒಯ್ರಿ,” ಅಂದಳು. “ಟ್ರಂಕಿನ್ಯಾಗ ಸುಮ್ನ ಬಿದ್ದದ, ಯಾರೂ ಹೊದ್ದಕೊಳ್ಳೂದಿಲ್ಲ. ಲಗೂ ಒಯ್ರಿ.”

ಅವಳು ಮಾತಾಡುವಾಗ ಎರಡು ಸಲ ಹಿತ್ತಲ ಬಾಗಿಲ ಕಡೆ ನೋಡಿದಳು. ಅದನ್ನು ನಾನು ಕಂಡೆ. ಕಂಡೂ ಕೇಳಲಿಲ್ಲ. ಕೇಳಿ ಕೌದಿ ಕೈತಪ್ಪಬಾರದು ಎಂಬ ಆಸೆ ಅಂದು ನನ್ನ ಅಂಜಿಕೆಗಿಂತ ದೊಡ್ಡದಾಗಿತ್ತು. ರೊಕ್ಕ ಮತ್ತು ನನ್ನ ಫೋನ್ ನಂಬರು ಕೊಟ್ಟು, ಚೀಲದಲ್ಲಿ ತುರುಕಿಕೊಂಡು ಬಸ್ಸು ಹತ್ತಿದೆ.

ಆ ಕೌದಿಯಿಂದ ಹೊಲಿದ ಜಾಕೀಟು ನನ್ನ ಕೈಯಿಂದ ಆದ ಎಲ್ಲಕ್ಕಿಂತ ಚಂದದ್ದು. ಬೀದರದಲ್ಲಿ ನಮ್ಮ ಗುಂಪು ಒಂದು ದಿನದ ಪ್ರದರ್ಶನ ಇಟ್ಟಿತ್ತು. ಭಾಲ್ಕಿಯ ಕಾಲೇಜೊಂದರಲ್ಲಿ ಕಲಿಸುವ ಒಬ್ಬ ಮೇಡಂ ಬಂದರು. ಮೊದಲ ಬಸಿರು, ಆರನೆಯ ತಿಂಗಳು. ಸೀದಾ ಅದರ ಹತ್ತಿರವೇ ಹೋಗಿ ಹಾಕಿಕೊಂಡರು. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ.

“ಇರ್ಲಿ ಬಿಡ್ರಿ, ತೆರದ ಹಾಕ್ಕೋತೇನಿ,” ಎಂದು ನಕ್ಕರು. “ಆಮ್ಯಾಲ ಕೂಸಿಗೆ ಸುತ್ತತೇನಿ.”

ಎರಡು ತಿಂಗಳ ಮೇಲೆ ಒಂದು ಮುಂಜಾನೆ, ನಾನು ಕಾಜಾ ಹೊಲಿಯುತ್ತ ಕುಳಿತಾಗ ಮೆಹಕರದ ಆ ಸೊಸೆಯ ಫೋನು ಬಂತು.

“ಅಕ್ಕಾರ, ಆ ಕೌದಿ ವಾಪಸ್ ಕೊಡ್ರಿ. ನಮ್ಮತ್ತಿ ಟ್ರಂಕ್ ತೆಗದಾಳ. ಮೂರು ದಿನ ಆತು, ಊಟಾ ಬಿಟ್ಟಾಳ.”

“ಕತ್ತರಿಸೇನಲ್ಲವ್ವ ಅದನ್ನ,” ಅಂದೆ. “ಮಾರಿನೂ ಆಗ್ಯದ.”

ಆಗ ಆಕೆ ಎಲ್ಲ ಹೇಳಿದಳು. ಅವಳ ನಾದಿನಿ, ಅಂದರೆ ಆ ಮುದುಕಿಯ ಮಗಳು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ರಸ್ತೆ ಕಡಿದ ಮಳೆಗಾಲ. ಗಾಡಿ ಬರುವಷ್ಟರಲ್ಲಿ ಮನೆಯಲ್ಲೇ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಅವಳು ಮಲಗಿದ್ದು ಆ ಕೌದಿಯ ಮೇಲೆ. ಮುದುಕಿ ಅದನ್ನು ತಾನೇ ಒಗೆದು, ಮಡಿಚಿ, ಯಾರೂ ಮುಟ್ಟದಂತೆ ಇಟ್ಟಿದ್ದಳು. “ನಾ ಮದುವ್ಯಾಗಿ ಬರೂಕ್ಕಿಂತ ಮೊದಲಿನ ಮಾತ್ರಿ ಅದು. ಸಾವು ಗೊತ್ತಿತ್ತು, ಕೌದಿದು ಗೊತ್ತಿರ್ಲಿಲ್ಲ ಅಕ್ಕಾರ, ಬಸವಣ್ಣನ ಆಣಿ,” ಎಂದು ಅಳತೊಡಗಿದಳು.

ಕಾಜಾ ಹೊಲಿಯುತ್ತಿದ್ದ ಸೂಜಿಯನ್ನು ಕೆಳಗಿಟ್ಟೆ.

ನಮ್ಮ ಅಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮನೆಯಲ್ಲಿ ಸಾವಾದರೂ ಸೂತಕವೆಂದು ದೂರ ಕೂತವರಲ್ಲ. ಹೆತ್ತವಳನ್ನು ಮೂಲೆಗೆ ಹಾಕಬಾರದು, ಸತ್ತವರ ಬಟ್ಟೆಗೆ ಅಂಜಬಾರದು ಎಂದು ಹೇಳಿಯೇ ನಮ್ಮನ್ನು ಬೆಳೆಸಿದವರು. ಅದೆಲ್ಲ ನನಗೆ ಬಾಯಿಪಾಠ. ಆದರೆ ಅಂದು ಕಣ್ಣು ಮುಚ್ಚಿದರೆ ಕಾಣಿಸುತ್ತಿದ್ದದ್ದು ಒಂದೇ: ಗುಂಡಿ ಕೂಡದ ಆ ಜಾಕೀಟು, ಅದರ ನಡುವೆ ಆ ಹೊಟ್ಟೆ. ಅಡುಗೆ ಮಾಡುವಾಗ ಕೈ ಸುಟ್ಟುಕೊಂಡೆ. ಗಂಡ ‘ಏನಾಯಿತು’ ಎಂದು ಕೇಳಿದರೆ ‘ಏನಿಲ್ಲ’ ಅಂದೆ. ಫೋನು ಹೊಡೆದುಕೊಂಡರೆ ಸಾಕು, ಭಾಲ್ಕಿಯಿಂದ ಕೆಟ್ಟ ಸುದ್ದಿ ಬಂತೆಂದೇ ಅಂದುಕೊಳ್ಳುತ್ತಿದ್ದೆ.

ಐತವಾರ ಗುಂಪಿನ ಮುಂದೆ ಹೇಳಿದೆ. ಹುಡುಗಿ ನನ್ನ ಕೈ ಹಿಡಿದಳು. “ಅಕ್ಕಾ, ಅರಿವಿಗಿ ಸಾವು ಅಂಟಕೊಂಡ್ ಕೂಡೂದಿಲ್ಲ. ಬಸುರಿ ಹೆಂಗಸಿಗೆ ಇದನ್ನ ಹೇಳಿ ಆಕಿ ತಲಿ ಕೆಡಸಬ್ಯಾಡ್ರಿ.” ಇನ್ನೊಬ್ಬಳು, “ಹೇಳಲಿಲ್ಲಂದ್ರ ಅದು ಮೋಸ ಆಗ್ತದ,” ಅಂದಳು. ಇಬ್ಬರ ಮಾತೂ ಖರೇ ಅನಿಸಿತು, ಅದಕ್ಕೇ ಅಂಜಿಕೆ ಹೆಚ್ಚಾಯಿತು. ಗುಂಡಿಯವನು ಎಲ್ಲರ ಮಾತು ಮುಗಿಯುವ ತನಕ ಕಾದು, “ಮೊದಲು ಆ ಮುದುಕಿ ಕಡಿ ಹೋಗ್ರಿ. ಆಕಿ ಮಾಲು ಅದು,” ಅಂದ.

ಮರುದಿನವೇ ಹೊರಟೆ. ಜಾಕೀಟು ಹೊಲಿದ ಮೇಲೆ ಉಳಿದಿದ್ದ ಚೂರುಗಳನ್ನೆಲ್ಲ ಒಂದು ಕೈಚೀಲದಲ್ಲಿ ಹಾಕಿಕೊಂಡೆ. ಭಾಲ್ಕಿಯಲ್ಲಿ ಬಸ್ಸು ಬದಲಿಸುವಾಗ ವಾಪಸ್ ಔರಾದದ ಬಸ್ಸಿನ ಹತ್ತಿರ ಎರಡು ಸಲ ಹೋಗಿ ನಿಂತೆ.

ಮುದುಕಿ ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ಸೊಸೆ ನನ್ನನ್ನು ಕಂಡದ್ದೇ ಒಳಗೆ ಸರಿದಳು. ನಾನು ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಚೀಲ ಅವಳ ಮುಂದೆ ಇಟ್ಟು, “ಆಯಿ, ನಿಮ್ಮ ಕೌದಿ ಕತ್ತರಿಸಿದಾಕಿ ನಾನ,” ಅಂದೆ.

ಅವಳು ಚೀಲದಲ್ಲಿ ಕೈ ಹಾಕಿದಳು. ಒಂದೊಂದೇ ಚೂರು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಬೈಯುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅದೇ ಆಗಿದ್ದರೆ ಚೆನ್ನಾಗಿತ್ತು.

“ಉಳದದ್ದು?” ಅಂದಳು.

“ಅಂಗಿ ಮಾಡೇನಿ ಆಯಿ.”

“ಯಾರು ಹಾಕ್ಕೊಂಡಾರ?”

ಸುಳ್ಳು ಹೇಳಬಹುದಿತ್ತು. ಯಾರೋ ಹೈದರಾಬಾದಿನವರು ಒಯ್ದರು ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಭಾಲ್ಕ್ಯಾಗ ಒಬ್ರು ಮೇಡಮ್ಮಾರು. ಬಸುರದಾರ. ಎಂಟನೇ ತಿಂಗಳು.”

ಮುದುಕಿಯ ಕೈಯಿಂದ ಚೂರುಗಳು ಜಾರಿದವು. ಅವಳು ಗೋಡೆ ಹಿಡಿದು ಎದ್ದಳು. ಅಷ್ಟು ಹೊತ್ತು ಅವಳ ಸಿಟ್ಟಿಗೆ ಅಂಜಿದ್ದ ನಾನು ಆಗ ಕಂಡದ್ದು ಸಿಟ್ಟಲ್ಲ. ಅವಳೂ ಅಂಜಿದ್ದಳು.

“ಬಸುರಿ ಮೈಮ್ಯಾಲ ಹಾಕಿಯೇನ ಅದನ್ನ?” ಅಂದಳು. “ಯಾರಿಗೂ ತಗಲಬಾರದಂತ ನಾ ಏಳು ವರ್ಷ ಟ್ರಂಕಿನ್ಯಾಗ ಇಟ್ಟೀನಿ. ಸುಡಾಕ ಮನಸ್ಸಾಗಲಿಲ್ಲ, ಹೊದಿಯಾಕ ಧೈರ್ಯ ಆಗಲಿಲ್ಲ. ನಡಿ. ತೆಗಸೂಣು ನಡಿ.”

“ಆಯಿ, ನೀವು...”

“ನಡಿ ಅಂದ್ನೆಲ್ಲ!”

ಸೆರಗು ಹೊದ್ದು, ಚೂರು ಆಯ್ದು ತುಂಬಿದ ಚೀಲ ಕಂಕುಳಲ್ಲಿ ಒತ್ತಿಕೊಂಡು ಅವಳೇ ಮುಂದೆ ನಡೆದಳು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವಳು ಭಾಲ್ಕಿಯ ತನಕ ಆ ಚೀಲ ಕೆಳಗಿಡಲಿಲ್ಲ. ನಾನು ಮನಸ್ಸಿನಲ್ಲೇ ಮೇಡಂಗೆ ಹೇಳಬೇಕಾದ ಮಾತು ಜೋಡಿಸುತ್ತಿದ್ದೆ. ಯಾವ ಮಾತೂ ಮುಗಿಯುತ್ತಿರಲಿಲ್ಲ.

ಮೇಡಂ ಹೆರಿಗೆಗೆಂದು ಭಾಲ್ಕಿಯಲ್ಲೇ ಇದ್ದ ತವರುಮನೆಗೆ ಹೋಗಿದ್ದರು; ಕೇಳಿಕೊಂಡು ಹೋದರೆ ಅಲ್ಲಿ ಬೀಗ. ಬಾಜೂ ಮನೆಯವರು ಹೇಳಿದರು: “ಮುಂಜಾನೆ ಬಿಪಿ ಭಾಳ ಏರಿತ್ರಿ. ಬೀದರದ ದವಾಖಾನಿಗೆ ಒಯ್ದಾರ.”

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮುದುಕಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಅವಳ ಉಗುರುಗಳು ನನ್ನ ಚರ್ಮಕ್ಕೆ ನಾಟಿದ್ದವು. ಬೀದರದ ಬಸ್ಸಿನಲ್ಲಿ ಡ್ರೈವರು ಎಲ್ಲಿ ನಿಲ್ಲಿಸಿದರೂ “ಯಾಕ ನಿಂತಾನ, ಯಾಕ ನಿಂತಾನ” ಎನ್ನುತ್ತಿದ್ದಳು. ರಸ್ತೆ ಕಡಿದ ಆ ದಿನವನ್ನು ಅವಳು ಮತ್ತೆ ನೋಡುತ್ತಿದ್ದಳೋ ಏನೋ.

ದವಾಖಾನೆಯಲ್ಲಿ ವಾರ್ಡು ಹುಡುಕಿಕೊಂಡು ಹೋದಾಗ ಮೇಡಂ ಎಡಮಗ್ಗುಲಾಗಿ ಮಲಗಿದ್ದರು. ಮುಖ ಬಾತಿತ್ತು. ಮೈಮೇಲೆ ಅದೇ ಜಾಕೀಟು, ತೆರೆದದ್ದು. ತಾಯಿ ತಲೆದಿಂಬಿನ ಹತ್ತಿರ ಕುಳಿತಿದ್ದರು.

“ಅಯ್ಯ, ಅಕ್ಕಾ, ನೀವ್ಯಾಕ ಬಂದ್ರಿ?” ಎಂದು ಮೇಡಂ ನಗಲು ನೋಡಿದರು. “ಇಲ್ಲಿ ಫ್ಯಾನಿನ ಗಾಳಿ ಥಂಡಿ ಅಂತ ನಿಮ್ಮ ಜಾಕೀಟ್ ತರಿಸಿಕೊಂಡೀನಿ. ಇವರ್ಯಾರು?”

ಮುದುಕಿ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದಳು. ಈಗ ಕಿತ್ತುಕೊಳ್ಳುತ್ತಾಳೆ, ಈಗ ಹೇಳಿಬಿಡುತ್ತಾಳೆ ಎಂದು ನಾನು ಅವಳನ್ನೇ ನೋಡುತ್ತಿದ್ದೆ.

“ನಿಮ್ಮ ಜಾಕೀಟಿನ ಕೌದಿ ಹೊಲದಾಕಿರಿ,” ಅಂದೆ. ಅಷ್ಟೇ ಅಂದೆ.

“ಖರೇನ?” ಮೇಡಂ ಕೈ ಚಾಚಿದರು. “ಬರ್ರಿ ಆಯಿ, ಕೂಡ್ರಿ. ಈ ಹಸರು ತುಂಡು ಯಾರದದ? ದಿನಾ ನೋಡತೇನಿ ನಾ ಇದನ್ನ.”

ಮುದುಕಿ ಕೂತಳು. ಬೆರಳು ಜಾಕೀಟಿನ ಮೇಲೆ ಇಟ್ಟಳು. “ಇದು ನಂದು, ಮದುವಿ ಸೀರಿ. ಇದು ನಮ್ಮ ಅತ್ತಿದು. ಇದು...” ಅಲ್ಲಿ ಕೆಂಪು ಚೌಕಡಿಯ ಒಂದು ಚೂರಿತ್ತು. “ಇದು ನನ್ನ ಮಗಳ ಲಂಗಾ. ಸಾಲಿಗೆ ಹಾಕ್ಕೊಂಡ್ ಹೋಗತಿದ್ಲು.”

“ಈಗ ಎಲ್ಲಿ ಇರ್ತಾರ ಅವರು?”

ನಾನು ಕಿಟಕಿಯ ಕಡೆ ತಿರುಗಿದೆ. ಮುದುಕಿ ಆ ಚೂರನ್ನು ನೇವರಿಸಿ, “ದೂರ ಅದಾಳವ್ವ,” ಅಂದಳು.

ಅಷ್ಟರಲ್ಲಿ ಡಾಕ್ಟರು ಬಂದರು. ಬಿಪಿ ಇಳಿಯುತ್ತಿಲ್ಲ, ಕಾಯುವುದು ಬೇಡ, ಈಗಲೇ ಆಪರೇಷನ್ ಎಂದರು. ನರ್ಸು ಬಟ್ಟೆ ಬದಲಿಸಿ ಜಾಕೀಟು ತೆಗೆದು ತಾಯಿಯ ಕೈಗೆ ಕೊಟ್ಟಳು. ತಾಯಿಗೆ ಸಹಿ ಹಾಕಲು ಓಡಬೇಕಿತ್ತು. ಅವರು ಅದನ್ನು ಸೀದಾ ಮುದುಕಿಯ ತೊಡೆಯ ಮೇಲೆ ಇಟ್ಟು, “ಒಂಚೂರು ಹಿಡಕೋರಿ ಆಯಿ,” ಎಂದು ಹೋದರು.

ಅವಳು ತೆಗೆಸಲು ಬಂದದ್ದು ತಾನಾಗಿಯೇ ಅವಳ ಕೈಗೆ ಬಂದಿತ್ತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಮಧ್ಯಾಹ್ನವಿಡೀ ಆಪರೇಷನ್ ಕೋಣೆಯ ಹೊರಗೆ ನೆಲದ ಮೇಲೆ, ಜಾಕೀಟು ಮಡಿಲಲ್ಲಿ ಹಾಕಿಕೊಂಡು ಕುಳಿತಳು. ನಾನು ಅವಳ ಪಕ್ಕ ಕುಳಿತೆ. ಬಾಗಿಲು ತೆರೆದಾಗೆಲ್ಲ ಇಬ್ಬರೂ ಬೆಚ್ಚುತ್ತಿದ್ದೆವು. ಒಮ್ಮೆ ಯಾರೋ ಬೇರೆಯವರ ಕಡೆಯ ಹೆಂಗಸರು ಕಾರಿಡಾರಿನಲ್ಲಿ ಜೋರಾಗಿ ಅತ್ತರು. ಮುದುಕಿ ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡಳು. ಅಂಥ ಅಂಜಿಕೆಯನ್ನು ನಾನು ನನ್ನ ಸ್ವಂತ ಹೆರಿಗೆಯಲ್ಲೂ ಕಂಡಿಲ್ಲ. ನನ್ನ ಆಸೆಯಿಂದ, ಕೇಳದೆ ಉಳಿದ ಒಂದು ಮಾತಿನಿಂದ, ಬಾಗಿಲ ಆಚೆ ಎರಡು ಜೀವ ಹೋದರೆ ನಾನು ಯಾರ ಮುಂದೆ ಹೋಗಿ ನಿಲ್ಲಲಿ? ಜೀವ ಬಟ್ಟೆಯಿಂದ ಹೋಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೂರು ಸಲ ಹೇಳಿಕೊಂಡೆ.

ನಾಲ್ಕರ ಸುಮಾರಿಗೆ ನರ್ಸು ಹೊರಗೆ ಬಂದು ಮೇಡಂ ಅವರ ತಾಯಿಯನ್ನು ಕರೆದಳು. ಹೆಣ್ಣುಕೂಸು. ಸಣ್ಣದು, ಕೆಲವು ದಿನ ಒಳಗೇ ಇಡಬೇಕು, ಆದರೆ ಕೂಸೂ ಚೆನ್ನಾಗಿದೆ, ಹೆತ್ತವಳೂ ಚೆನ್ನಾಗಿದ್ದಾಳೆ. ಮೇಡಂ ಅವರ ತಾಯಿ ಅಳುತ್ತಲೇ ನಕ್ಕರು. ಮುದುಕಿ ಎದ್ದು, ಜಾಕೀಟಿನ ಧೂಳು ಜಾಡಿಸಿ, ಮಡಿಚಿ ಅವರ ಕೈಗೆ ಕೊಟ್ಟಳು.

“ನಿಮ್ಮ ಮಗಳ ಅಂಗಿ,” ಅಂದಳು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಾನು ಅವಳನ್ನು ಕೇಳಿದೆ, “ಯಾಕ ಹೇಳಲಿಲ್ರಿ ಆಯಿ?”

“ಹೇಳೂದು ನಂದಲ್ಲ, ನಿಂದದ,” ಅಂದಳು. “ಆಕಿ ಎದ್ದು ಓಡ್ಯಾಡಲಿ. ಆಮ್ಯಾಲ ಹೇಳು. ಬಿಡಬ್ಯಾಡ.”

ಬಿಡಲಿಲ್ಲ, ಆದರೆ ತಡ ಮಾಡಿದೆ. ನಾಳೆ, ನಾಡಿದ್ದು ಎನ್ನುತ್ತ ಎರಡು ತಿಂಗಳು ಕಳೆದೆ. ಕೊನೆಗೆ ಭಾಲ್ಕಿಗೆ ಹೋಗಿ, ಕೂಸನ್ನು ಎತ್ತಿಕೊಂಡ ಮೇಡಂ ಅವರ ಮುಂದೆ ಎಲ್ಲ ಹೇಳಿದೆ. ಸೊಸೆ ಹಿತ್ತಲ ಕಡೆ ನೋಡಿದ್ದನ್ನೂ, ನಾನು ಕಂಡೂ ಕೇಳದೆ ಇದ್ದದ್ದನ್ನೂ ಬಿಡದೆ ಹೇಳಿದೆ.

ಅವರು ಕೂಸನ್ನು ತೊಟ್ಟಿಲಲ್ಲಿ ಹಾಕಿ ಬಂದರು. “ನಾ ಇದನ್ನೆಲ್ಲ ನಂಬೂದಿಲ್ಲ,” ಅಂದರು. “ಆದ್ರ ದವಾಖಾನ್ಯಾಗ ನೀವು ನನ್ನ ಮುಂದ ನಿಂತು ಎಲ್ಲಾ ಮುಚ್ಚಿಟ್ರಿ. ನನಗ ಗೊತ್ತಾಗಿದ್ರ ನಾ ಆ ಆಯಿ ಮುಂದ ಆಕಿ ಮಗಳ ಬಗ್ಗೆ ನಕ್ಕೊಂತ ಕೇಳತಿದ್ದಿಲ್ಲ. ಆ ಮುದುಕಿ ಮಾರಿ ನನ್ನ ಕಣ್ಣಾಗಿಂದ ಹೋಗೂದಿಲ್ಲ ಈಗ.” ಬಾಗಿಲು ತೆರೆದು ಹಿಡಿದು, “ನೀವಿನ್ನು ಹೋಗ್ರಿ,” ಅಂದರು.

ಅವರು ಮತ್ತೆ ನಮ್ಮ ಪ್ರದರ್ಶನಕ್ಕೆ ಬಂದಿಲ್ಲ. ನನ್ನ ಫೋನು ಎತ್ತುವುದಿಲ್ಲ. ಜಾಕೀಟು ವಾಪಸ್ ಕಳಿಸಿಯೂ ಇಲ್ಲ. ಆದರೆ ಮೆಹಕರದ ಸೊಸೆ ಒಂದು ದಿನ ಫೋನು ಮಾಡಿ, ಒಬ್ಬ ಮೇಡಂ ಕೂಸನ್ನು ಕರೆದುಕೊಂಡು ಬಂದು ಅತ್ತೆಯ ಹತ್ತಿರ ಅರ್ಧ ದಿನ ಕುಳಿತು ಹೋದರು ಎಂದು ಹೇಳಿದಳು. ಏನು ಮಾತಾಡಿದರು ಎಂದು ನಾನು ಕೇಳಲಿಲ್ಲ. ಅದು ಕೇಳಬಾರದ ಮಾತು ಅನಿಸಿತು.

ಗುಂಪು ಬಿಟ್ಟುಬಿಡುತ್ತೇನೆ ಎಂದು ನಾನು ಬೀದರದ ಕೋಣೆಯಲ್ಲಿ ಹೇಳಿದೆ. ಹುಡುಗಿ ಒಪ್ಪಲಿಲ್ಲ. ಇನ್ನು ಮುಂದೆ ಕೌದಿ ತರುವವರು ಅದನ್ನು ಹೊಲಿದವರ ಬಾಯಿಂದಲೇ ಎಲ್ಲ ಕೇಳಿ ತರಬೇಕು, ಕೊಳ್ಳುವವರಿಗೂ ಹೇಳಬೇಕು ಎಂದು ಎಲ್ಲರೂ ಕೂಡಿ ಠರಾಯಿಸಿದರು. ಹೇಳಿದಾಗ ಬೇಡವೆಂದು ಇಟ್ಟು ಹೋದವರೂ ಇದ್ದಾರೆ. ಹೋಗಲಿ.

ಮೊನ್ನೆ ಠಾಣಾ ಕುಶನೂರಿಗೆ ಹೋಗಿದ್ದೆ. ತೊಗರಿ ಕಟ್ಟಿಗೆ ಒಟ್ಟಿದ ಅಂಗಳದಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೌದಿ ಹರವಿ ತೋರಿಸಿದಳು. ಕೇಳಲು ಅಂಜಿದೆ. ಆದರೂ ಕೇಳಿದೆ: ಇದನ್ನು ಯಾರು ಹೊಲಿದರು, ಯಾರು ಹೊದೆದರು, ಇದರ ಮೇಲೆ ಯಾರಾದರೂ ತೀರಿಕೊಂಡಿದ್ದಾರಾ?

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು. “ಕೌದಿ ಒಯ್ಯಾಕ ಬಂದೀಯೋ, ಸೊಸಿ ನೋಡಾಕ ಬಂದೀಯೋ?”

ನಾನು ಕೈಮುಗಿದು ಎದ್ದೆ. ಬಾಗಿಲ ತನಕ ಬಂದಿದ್ದೆ.

“ಎಲ್ಲಿ ಹೋಗತಿ, ಕೂಡು,” ಎಂದು ಹಿಂದಿನಿಂದ ಕರೆದಳು. “ಕೇಳಿದಿ ಅಂದ ಮ್ಯಾಲ ಪೂರಾ ಕೇಳಿ ಹೋಗು.” ಆಮೇಲೆ ಕೌದಿಯ ಒಂದು ಮೂಲೆ ಎಳೆದುಕೊಂಡು, ತನ್ನ ಗಂಡನ ಧೋತರದಿಂದ ಶುರು ಮಾಡಿದಳು.